ಕಂದೀಲು ಆರಿದ ಮೇಲೆ

ದೇವಿಂದ್ರಪ್ಪ ಕಿಣ್ಣಿ ಸುಲ್ತಾನವೆಂಬ ಊರಿನಿಂದ ಗೊಬ್ಬೂರಿಗೆ ಬಂದದ್ದು ತಮ್ಮನ ಮಗನಿಗೆ ನೋಡಿದ ಹೆಣ್ಣಿನ ಮನೆತನ ವಿಚಾರಿಸಲು. ಹುಡುಗಿ ತುಳಜಾಬಾಯಿಯನ್ನು ಹಿಂದಿನ ವಾರವೇ ನೋಡಿ ಒಪ್ಪಿದ್ದರು. ಉಳಿದದ್ದು ಊರಿನ ಹಿರಿಯನೊಬ್ಬನ ಬಾಯಿಂದ ಒಂದು ಮಾತು. ಹೆಣ್ಣಿನವರು ತಮ್ಮ ಬಗ್ಗೆ ತಾವು ಏನು ಹೇಳಿಕೊಂಡರೂ ಅದಕ್ಕೆ ತೂಕವಿಲ್ಲ. ಹಿರಿಯನು ಬಾಯಿ ತುಂಬ ಹೇಳಿದರೆ ಸಂಬಂಧ ಗಟ್ಟಿಯಾಗುತ್ತದೆ. ಅವನು ಮಾತು ತೇಲಿಸಿದರೆ ಬಂದವರು ಇನ್ನೇನೂ ಕೇಳದೆ ಎದ್ದು ಹೋಗುತ್ತಾರೆ.

ಗೊಬ್ಬೂರಿನಲ್ಲಿ ಅಂಥ ಹಿರಿಯನೆಂದರೆ ಶಾಂತಲಿಂಗಪ್ಪಗೌಡ. 1990ರಲ್ಲಿ ಅವನಿಗೆ ಅರವತ್ತು ದಾಟಿತ್ತು. ಗಂಗುಬಾಯಿ, ಅಂದರೆ ಹುಡುಗಿಯ ತಾಯಿ, ಅವನ ಮನೆಯಲ್ಲೇ ಕೆಲಸ ಮಾಡಿ ಮಗಳನ್ನು ಬೆಳೆಸಿದ್ದಳು. ಹಾಗಾಗಿ ದೇವಿಂದ್ರಪ್ಪ ನೇರ ಗೌಡನ ಕಟ್ಟೆಗೇ ಬಂದು ಕುಳಿತ.

"ತಾಯಿ ದುಡಿಯಾಕಿ, ಹುಡುಗಿ ಬಾಯಿ ಇಲ್ಲದಾಕಿ," ಎಂದ ಗೌಡ. "ಕಣ್ಣು ಮುಚ್ಚಿ ಮಾಡ್ಕೋರಿ."

"ಅದು ನಮಗೂ ಕಂಡದ ಗೌಡ್ರ. ನಾ ಬಂದದ್ದು ಹುಡುಗಿ ಅಪ್ಪನ ಬಗ್ಗೆ ಕೇಳಾಕ." ದೇವಿಂದ್ರಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ. "ಸಿಂದಿ ಕುಡುದು ಜೋಳದ ಹಗೇದಾಗ ಬಿದ್ದು ಸತ್ತ ಅಂತಾರಲ್ಲ? ನಮ್ಮ ಮನ್ಯಾಗ ಹಿಂದೊಬ್ಬ ಕುಡುಕ ಇದ್ದ. ಆ ನೋವು ಉಂಡೀವಿ. ಮತ್ತ ಅದೇ ರಕ್ತ ಮನಿಗೆ ತರಬಾರ್ದು ಅಂತ ನಮ್ಮ ಅವ್ವ ಹಟ ಹಿಡದಾಳ. ಮುದುಕಿ ಹಟ, ನಿಮಗ ಗೊತ್ತಲ್ಲ."

ಗೌಡ ಒಳಗೆ ತಿರುಗಿ ಚಹಾ ಆಯಿತೇ ಎಂದು ಕೇಳಿದ. ಆಮೇಲೆ ಈ ಸಲ ತೊಗರಿ ಹೇಗಿದೆ ಎಂದು ವಿಚಾರಿಸಿದ.

ದೇವಿಂದ್ರಪ್ಪ ಎಲೆ ಮಡಚಿ ಬಾಯಿಗೆ ಹಾಕಿಕೊಂಡ. "ತೊಗರಿ ಛಲೋ ಅದ್ರಿ," ಎಂದ. ಚಹಾ ಕುಡಿದ. "ತಿಳೀತ್ರಿ ಗೌಡ್ರ. ನೀವರೆ ಏನು ಹೇಳ್ತೀರಿ, ಸತ್ತವನ ಬಗ್ಗೆ," ಎಂದು ಎದ್ದು ಬಸ್ ನಿಲ್ದಾಣದ ಕಡೆ ನಡೆದ.

ಹುಡುಗಿಯ ಅಪ್ಪ ಬೀರಲಿಂಗಪ್ಪ ಸತ್ತದ್ದು 1974ರ ಬೇಸಿಗೆಯಲ್ಲಿ. ಆಗ ಲೆವಿ ಇತ್ತು. ಹೊಲದ ಲೆಕ್ಕದಂತೆ ಇಷ್ಟು ಜೋಳವನ್ನು ಸರಕಾರ ಹೇಳಿದ ದರಕ್ಕೆ ಕೊಡಬೇಕು. ಸೊಲ್ಲಾಪುರದ ಪೇಟೆಯಲ್ಲಿ ಅದೇ ಜೋಳಕ್ಕೆ ಬಹಳ ಹೆಚ್ಚಿನ ದರ ಸಿಗುತ್ತಿತ್ತು. ಗೌಡ ಒಂದು ಹಗೇವನ್ನು ಯಾರಿಗೂ ತೋರಿಸಿರಲಿಲ್ಲ. ಅದು ಹಿತ್ತಲ ಗೋಡೆಯ ಒಳಗಿತ್ತು. ಬಾವಿಯಂತೆ ಆಳವಾಗಿ ಅಗೆದು, ಸುತ್ತ ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಇಟ್ಟು ಮಣ್ಣು ಮುಚ್ಚಿದ ಕುಣಿ. ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಬಾಯಿ.

ಮರುದಿನ ಅಧಿಕಾರಿಗಳು ಮನೆಮನೆ ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂತು. ಗೌಡ ಸೊಲ್ಲಾಪುರದ ಲಾರಿ ಕರೆಸಿದ. ಡ್ರೈವರ್ ಖಂಡಪ್ಪನೂ ಅವನ ಕ್ಲೀನರನೂ ಈ ಕಡೆಯವರಲ್ಲ. ಊರಿನ ಆಳುಗಳಲ್ಲಿ ಗೌಡ ಕರೆದದ್ದು ಬೀರಲಿಂಗಪ್ಪನೊಬ್ಬನನ್ನೇ. ಅವನು ಹೊರಗೆ ಮಾತಾಡುವವನಲ್ಲ. ಹಗೇವು ತೆಗೆಯುವ ಕೆಲಸವೂ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ಕೆಲಸಕ್ಕೊಂದು ಕ್ರಮವಿದೆ. ಬಂಡೆ ಸರಿಸಿದ ದಿನ ಯಾರೂ ಇಳಿಯುವುದಿಲ್ಲ. ಒಳಗೆ ನಿಂತ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು ಬಿಡುತ್ತಾರೆ. ಮಾರನೆಯ ದಿನ ಹಗ್ಗ ಕಟ್ಟಿ ಕಂದೀಲು ಇಳಿಸುತ್ತಾರೆ. ಕಂದೀಲು ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇನ್ನೂ ಕಾಯಬೇಕು. ಇದು ಗೊಬ್ಬೂರಿನಲ್ಲಿ ಮಕ್ಕಳಿಗೂ ಗೊತ್ತು.

ಗೌಡನಿಗೆ ಕಾಯಲು ಸಮಯವಿರಲಿಲ್ಲ. ನಸುಕಿನಲ್ಲಿ ಬಂಡೆ ಸರಿಸಿ, ಸ್ವಲ್ಪ ಹೊತ್ತು ಬಿಟ್ಟು, ಕಂದೀಲು ಇಳಿಸಿದರು. ಅದು ಜೋಳದ ಮಟ್ಟ ಮುಟ್ಟುವ ಮೊದಲೇ ಆರಿತು.

"ಗೌಡ್ರ, ಆರ್ತ್ರಿ," ಎಂದ ಬೀರಲಿಂಗಪ್ಪ.

"ಗಾಳಿಗೆ ಆರ್ಯಾದ. ಇಳಿ."

ಗಾಳಿ ಇರಲಿಲ್ಲ. ಹಿತ್ತಲ ಬೇವಿನ ಮರದ ಎಲೆ ಅಲುಗುತ್ತಿರಲಿಲ್ಲ. ಬೀರಲಿಂಗಪ್ಪ ಒಮ್ಮೆ ಮರದ ಕಡೆ, ಒಮ್ಮೆ ಗೌಡನ ಕಡೆ ನೋಡಿ, ಹಗ್ಗ ಹಿಡಿದು ಇಳಿದ. ಸ್ವಲ್ಪ ಇಳಿದ ಮೇಲೆ ಅವನ ಕೈ ಹಗ್ಗ ಬಿಟ್ಟಿತು.

ಕುಣಿಯ ಬಾಯಲ್ಲಿ ಕಂಬಳಿ ಬೀಸಿದರು, ಬೇವಿನ ಟೊಂಗೆ ಕಟ್ಟಿ ಇಳಿಸಿ ಮೇಲೆ ಕೆಳಗೆ ಆಡಿಸಿದರು. ಎಷ್ಟೋ ಹೊತ್ತಿನ ಮೇಲೆ ಕಂದೀಲು ಆರದೆ ಉಳಿಯಿತು. ಖಂಡಪ್ಪ ಇಳಿದು ಹೆಣ ಕಟ್ಟಿ ಮೇಲೆ ಕಳಿಸಿದ. ಹೆಣವನ್ನು ಗೋದಲಿಯ ಪಕ್ಕ ಮಲಗಿಸಿ ಗೋಣಿಚೀಲ ಹೊದಿಸಿದರು. ಆಮೇಲೆ ಜೋಳ ತೆಗೆದರು. ಲಾರಿ ಊರು ದಾಟಿದ ನಂತರವೇ ಗಂಗುಬಾಯಿಗೆ ಸುದ್ದಿ ಕಳಿಸಿದ್ದು.

ಲಾರಿ ಹೊರಡುವ ಮೊದಲು ಗೌಡ ಇನ್ನೊಂದು ಕೆಲಸ ಮಾಡಿದ್ದ. ಜೋಳದ ಮಾತು ಹೊರಗೆ ಬರಬಾರದೆಂದರೆ ಆಳು ಖಾಲಿ ಹಗೇವಿನಲ್ಲಿ ತಾನಾಗಿಯೇ ಬಿದ್ದಿರಬೇಕಿತ್ತು. ಖಂಡಪ್ಪನ ಸೀಟಿನ ಕೆಳಗೆ ಸಿಂದಿಯ ಬಾಟಲಿ ಇತ್ತು. ಗೌಡ ಅದನ್ನು ಕೇಳಿ ಇಸಿದುಕೊಂಡು ಹೆಣದ ಅಂಗಿಯ ಮೇಲೆ ಸುರಿದ. ಜನ್ಮದಲ್ಲಿ ಗೌಡ ಸಿಂದಿ ಮುಟ್ಟಿದವನಲ್ಲ. ಎಡಗೈ ಪೂಜೆಯಲ್ಲಿ ಲಿಂಗ ಹಿಡಿಯುವ ಕೈ. ಅದಕ್ಕೆ ಒಂದು ಹನಿಯೂ ಸಿಡಿಯಬಾರದೆಂದು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಿಂದ ಸುರಿದ. ನಂತರ ಸ್ನಾನ ಮಾಡಿದ.

ಪಂಚನಾಮೆಯಲ್ಲಿ ಗೌಡ ಹೇಳಿದ್ದೇ ದಾಖಲಾಯಿತು. ಊರು ಅದನ್ನೇ ನಂಬಿತು. ಗಂಗುಬಾಯಿಗೆ ಅವನು ಮನೆಯಲ್ಲಿ ಕೆಲಸ ಕೊಟ್ಟ, ಸುಗ್ಗಿಗೆ ಜೋಳ ಕೊಟ್ಟ. ಕುಡುಕನ ಹೆಂಡತಿಯನ್ನೂ ಗೌಡ ಕೈಬಿಡಲಿಲ್ಲವೆಂದು ಜನ ಹೊಗಳಿದರು. ಆ ಹೊಗಳಿಕೆಯನ್ನೂ ಅವನು ಬೇಡವೆನ್ನಲಿಲ್ಲ.

ದೇವಿಂದ್ರಪ್ಪ ಹೋದ ಮೇಲೆ ಗೌಡನ ಹೆಂಡತಿ ಗುರುಶಾಂತಮ್ಮ ಲೋಟ ಎತ್ತಲು ಹೊರಗೆ ಬಂದಳು. ಬೀರಲಿಂಗಪ್ಪ ಸತ್ತ ಬೆಳಗ್ಗೆ ಅವಳು ಅಡುಗೆ ಮನೆಯ ಕಿಟಕಿಯಿಂದ ಹಿತ್ತಲು ನೋಡಿದ್ದಳು. ಇಷ್ಟು ವರ್ಷ ಇಬ್ಬರೂ ಆ ಮಾತು ಎತ್ತಿರಲಿಲ್ಲ.

"ಏನ ಹೇಳಿದ್ರಿ ಅವನಿಗೆ?"

"ಏನೂ ಹೇಳ್ಲಿಲ್ಲ."

"ಅಂದ್ರ ಹೇಳಿದಂಗ ಆತು." ಅವಳು ಲೋಟ ಕೈಯಲ್ಲಿ ಹಿಡಿದೇ ನಿಂತಳು. "ಅಪ್ಪನ್ನ ತಿಂದ್ರಿ. ಈಗ ಮಗಳ ಲಗ್ನನೂ ತಿಂತೀರಿ."

"ಮೆತ್ತಗ ಮಾತಾಡು."

"ಮೆತ್ತಗೇ ಮಾತಾಡಿ ಮುದುಕಿ ಆದೆ. ಮಠದಾಗ ಎಲ್ಲಾರಿಗಿಂತ ಜೋರ ವಚನ ಹೇಳ್ತೀರಿ. ಇದೊಂದು ಮಾತು ಹೇಳಾಕ ಗಂಟಲಾ ಹಿಡೀತೇನು?" ಎಂದು ಒಳಗೆ ಹೋದಳು.

ಗೌಡ ಕಟ್ಟೆಯಿಂದ ಎದ್ದ. ನಂತರ ರುಮಾಲು ಸುತ್ತಿಕೊಂಡು ಹೊರಟ.

ಗುಲಬರ್ಗಾ ಕಡೆಯ ಬಸ್ಸು ಇನ್ನೂ ಬಂದಿರಲಿಲ್ಲ. ದೇವಿಂದ್ರಪ್ಪ ಶರಫುದ್ದೀನನ ಹೋಟೆಲಿನ ಬೆಂಚಿನ ಮೇಲೆ ಕುಳಿತಿದ್ದ. ಇನ್ನೂ ನಾಲ್ಕಾರು ಜನರಿದ್ದರು. ಗೌಡ ಅವನನ್ನು ಪಕ್ಕಕ್ಕೆ ಕರೆಯಬೇಕೆಂದುಕೊಂಡ. ಆದರೆ ಗೌಡನನ್ನು ಕಂಡು ಎಲ್ಲರೂ ಎದ್ದು ನಿಂತಿದ್ದರು. ಅವರ ಎದುರೇ ಮಾತು ಹೊರಗೆ ಬಂತು.

"ಬೀರಲಿಂಗ ಕುಡದಿರ್ಲಿಲ್ಲ."

"ಏನಂದ್ರಿ?"

"ಅಂವ ಕುಡಿಯಾಂವ ಅಲ್ಲ. ಹಗೇವು ತುಂಬಿತ್ತು. ಲೆವಿಗೆ ಅಂಜಿ ನಾನೇ ತೆಗಸಾಕ ಹಚ್ಚಿದ್ದೆ. ಕಂದೀಲು ಆರ್ತು ಅಂತ ಅಂವ ಹೇಳ್ದ. ನಾನೇ ಇಳಿ ಅಂದೆ."

ಶರಫುದ್ದೀನ ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡುತ್ತ ನಿಂತ, ಇಳಿಸಲಿಲ್ಲ. ದೇವಿಂದ್ರಪ್ಪ ನಿಧಾನವಾಗಿ ಬಾಯೊಳಗಿನ ಎಲೆ ಉಗುಳಿ ಬಂದ.

"ಗೌಡ್ರ, ನಾ ಹೆಣ್ಣಿನ ಮನಿ ಕೇಳಾಕ ಬಂದಿದ್ದೆ. ನಿಮ್ಮ ಮನಿ ಕೇಳಿರ್ಲಿಲ್ಲ," ಎಂದ. ಬಾಯಿ ಒರೆಸಿಕೊಂಡು, "ನಮ್ಮ ಅವ್ವಗ ಹೇಳ್ತೇನಿ. ಮುಂದಿನ ಸೋಮವಾರ ಗಂಗುಬಾಯಿ ಮನಿಗೆ ಬರ್ತೀವಿ. ನಿಮ್ಮ ಕಟ್ಟಿಗೆ ಬರೂದಿಲ್ಲ, ತಪ್ಪು ತಿಳೀಬ್ಯಾಡ್ರಿ," ಎಂದ.

ಬಸ್ಸು ಬಂತು. ಅವನು ಹತ್ತಿದ.

ಸುದ್ದಿ ತನಗಿಂತ ಮೊದಲು ಮುಟ್ಟಬಾರದೆಂದು ಗೌಡ ಬೇಗ ಬೇಗ ಗಂಗುಬಾಯಿಯ ಮನೆಗೆ ನಡೆದ. ಲಗ್ನ ಗಟ್ಟಿಯಾಯಿತು, ಕಷ್ಟದ ಕೆಲಸ ಮುಗಿಯಿತು ಎಂಬ ಹಗುರ ಅವನ ನಡಿಗೆಯಲ್ಲಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಅವಳು ಹೊರಗೆ ಮೊರದಲ್ಲಿ ಜೋಳ ಕೇರುತ್ತಿದ್ದಳು. ಗೌಡ ಅವಳ ಮನೆಗೆ ಬಂದದ್ದು ಇದೇ ಮೊದಲು. ಅವಳು ಗಾಬರಿಯಿಂದ ಎದ್ದು ಕಂಬಳಿ ಹಾಸಿದಳು. ಗೌಡ ಕೂರಲಿಲ್ಲ. ಹೋಟೆಲಿನಲ್ಲಿ ಹೇಳಿದ್ದನ್ನೇ ಹೇಳಿದ. ಅವಳು ಕೇಳಿದಳು. ನಂಬಲಿಲ್ಲ.

"ಹುಡುಗಿ ಲಗ್ನಕ್ಕಂತ ಹೇಳಾಕತ್ತೀರಿ ನೀವು. ನಿಮ್ಮ ಉಪಕಾರ ದೊಡ್ಡದು ಗೌಡ್ರ. ನನ್ನ ಮುಂದರೆ ಸುಳ್ಳು ಯಾಕ?"

"ಸುಳ್ಳಲ್ಲ ಗಂಗಾ."

"ನಾ ಮೈಮ್ಯಾಲೆ ಬಿದ್ದು ಅತ್ತೀನ್ರಿ. ಅಂಗಿ ತುಂಬ ಸಿಂದಿ ವಾಸ್ನಿ ಇತ್ತು. ನಾನೇ ಮೂಸೀನಿ. ಅಷ್ಟು ದಿನ ನನಗ ಗೊತ್ತಾಗದಂಗ ಕುಡೀತಿದ್ದ ಅಂತ ಆಗಲೇ ಅಳೂದು ಬಿಟ್ಟೆ."

ಗೌಡ ಇಲ್ಲಿಗೆ ನಿಲ್ಲಿಸಬಹುದಿತ್ತು. ಲಗ್ನಕ್ಕೆ ಬೇಕಾದ ಮಾತು ಆಗಿತ್ತು. ಹಗೇವಿನ ಸಂಗತಿಯನ್ನು ಹೇಳಬೇಕಾಗಬಹುದೆಂದು ಅವನು ಹದಿನಾರು ವರ್ಷ ಅಂಜಿದ್ದ. ಸಿಂದಿಯ ಸಂಗತಿಯನ್ನು ಹೇಳಬೇಕಾಗುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ. ಒಂದು ಸಾವು ತನ್ನಿಂದಾಯಿತು, ಅದೇ ತನ್ನ ಜೀವನದ ದೊಡ್ಡ ತಪ್ಪು ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ಆ ಲೆಕ್ಕ ಈಗ ಅವನ ಕಣ್ಣ ಮುಂದೆ ತಪ್ಪಾಯಿತು. ಇಳಿ ಎಂದದ್ದು ಅವಸರದ ಮಾತು. ಬಾಟಲಿಯನ್ನು ಅವನು ಅವಸರವಿಲ್ಲದೆ, ಎಡಗೈಯನ್ನು ಕಾಪಾಡಿಕೊಂಡು ಸುರಿದಿದ್ದ.

"ಆ ಸಿಂದಿ ನಾ ಸುರುವಿದ್ದೆ," ಎಂದ. "ಸತ್ತ ಮ್ಯಾಲೆ."

ಗಂಗುಬಾಯಿ ಮೊರವನ್ನು ನೆಲಕ್ಕಿಟ್ಟಳು. ಅದರೊಳಗಿನ ಜೋಳವನ್ನು ಕೈಯಿಂದ ಸಮ ಮಾಡಿದಳು. ಮತ್ತೆ ಸಮ ಮಾಡಿದಳು.

"ಹಿರೇರ ಹಬ್ಬಕ್ಕ ಸತ್ತವರಿಗೆಲ್ಲಾ ಎಡಿ ಇಡ್ತೀವ್ರಿ," ಎಂದಳು. "ಮಾವಗ ಇಡ್ತೇನಿ, ಅತ್ತಿಗೆ ಇಡ್ತೇನಿ. ಇವರಪ್ಪಗ ಇಟ್ಟಿಲ್ಲ. ತುಳಜಾ ಸಣ್ಣಾಕಿ ಇದ್ದಾಗ ಅಪ್ಪಗೂ ಒಂದು ಹೋಳಿಗಿ ಇಡೂಣು ಅಂತ ಅಳ್ತಿದ್ಲು. ಹಂತಾ ಕುಡುಕಗ ಯಾಕ ಹೋಳಿಗಿ, ಸಿಂದಿ ಇಡು ಅಂತ ಆಕಿ ಕೈಮ್ಯಾಲೆ ಹೊಡದೀನಿ."

ಗೌಡ ನಿಂತೇ ಇದ್ದ. ಬೈದಿದ್ದರೆ ತಲೆ ಬಗ್ಗಿಸಿ ಕೇಳಬಹುದಿತ್ತು. ಅವಳು ಅವನನ್ನು ಬೈಯುತ್ತಿರಲಿಲ್ಲ. ಅವನ ಕಡೆ ನೋಡುತ್ತಲೂ ಇರಲಿಲ್ಲ.

"ತಪ್ಪು ನಂದು ಗಂಗಾ. ನೀ ಯಾಕ..."

"ನೀವು ಸುರುವಿದ್ದು ನೀವು ನೋಡ್ಕೋರಿ. ಹೊಡದಾಕಿ ನಾನು." ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ತುಳಜಾ ಬೋರಿಂಗಿಗೆ ನೀರಿಗೆ ಹೋಗ್ಯಾಳ. ಈಗ ಬರ್ತಾಳ. ಆಕಿಗೆ ಹೇಳ್ಬೇಕು."

"ನಾ ಹೇಳ್ತೇನಿ. ನಾ ಹೇಳೂದು ಸರಿ."

"ಬ್ಯಾಡ್ರಿ. ಆಕಿ ಮುಂದ ಅವರಪ್ಪಗ ಕುಡುಕ ಅಂದಾಕಿ ನಾನು. ನಾನೇ ಹೇಳ್ಬೇಕು. ಆಕಿ ಬರೂದ್ರಾಗ ನೀವು ಹೋಗ್ರಿ."

"ನಾಳೆ ಕೆಲಸಕ್ಕ..." ಎಂದ ಗೌಡ. ಯಾಕೆ ಹಾಗೆಂದನೋ ಅವನಿಗೇ ಗೊತ್ತಾಗಲಿಲ್ಲ.

"ಗೌಡ್ತಿಗೆ ಹೇಳ್ರಿ, ಬರೂದಿಲ್ಲ."

ಅವನು ಅಂಗಳ ದಾಟುವಾಗ ತುಳಜಾಬಾಯಿ ಕೊಡ ಹೊತ್ತು ಎದುರಿಗೆ ಬಂದಳು. ಓಣಿಯ ತುದಿಯಲ್ಲಿ ಯಾರೋ ಲಗ್ನ ಗಟ್ಟಿಯಾದ ಸುದ್ದಿಯನ್ನಷ್ಟೇ ಹೇಳಿದ್ದರು. ಅವಳ ಮುಖದಲ್ಲಿ ನಾಚಿಕೆಯಿತ್ತು, ಖುಷಿಯಿತ್ತು.

"ನೀವ ಬಂದು ಹೇಳಿದ್ರಂತ ಗೌಡ್ರ," ಎಂದಳು. "ಹಂಗೇ ಹೊಂಟ್ರಿ? ಒಂದೀಟು ಚಹಾ ಕುಡುದು ಹೋಗ್ರಿ."

ಅವನು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. ಕೊಡದ ನೀರು ತುಳುಕಿ ಅವನ ಕೆರದ ಮೇಲೆ ಬಿತ್ತು. ಒಳಗಿನಿಂದ ಗಂಗುಬಾಯಿ, "ಕೊಡ ಇಳಿಸಿ ಬಾ ತುಳಜಾ, ಬಾಗಿಲಾ ಹಾಕು," ಎಂದಳು.

ಬಾಗಿಲು ಹಾಕಿಕೊಂಡಿತು. ಗೌಡ ಹೊರಗೆ ಒಂದು ಕ್ಷಣ ನಿಂತ. ಮಾತು ಶುರುವಾದದ್ದು ಕೇಳಿಸಿತು, ಏನೆಂದು ತಿಳಿಯಲಿಲ್ಲ. ಕೇಳುವ ಹಕ್ಕು ತನಗಿಲ್ಲವೆಂದು ಅರಿವಾಗಿ ಅವನು ಹೊರಟ. ಓಣಿಯ ಕಟ್ಟೆಗಳ ಮೇಲೆ ಕುಳಿತವರು ಅವನನ್ನು ನೋಡಿದರು. ಯಾರೂ ಏಳಲಿಲ್ಲ.