ಅಪ್ಪನ ಮನೆಗೂ ದಾರಿ, ಅಮ್ಮನ ಮನೆಗೂ ದಾರಿ

ಗಂಡ ಹೆಂಡತಿ ಜಗಳವಾಡಿ ಬೇರೆಯಾಗುವುದು ನಮ್ಮ ಸೀಮೆಗೆ ಹೊಸದೇನಲ್ಲ. ಊರ ಹಿರಿಯರು ಸೇರುತ್ತಾರೆ. ಪಾತ್ರೆ ಪಡಗ ಹಂಚುತ್ತಾರೆ, ಹಸು ಕರು ಹಂಚುತ್ತಾರೆ, ಅದೇ ಬಾಯಲ್ಲಿ ಮಕ್ಕಳನ್ನೂ ಹಂಚಿ ಎದ್ದುಹೋಗುತ್ತಾರೆ.

ಕ್ಯಾಸಂಬಳ್ಳಿ ಹತ್ತಿರದ ಸೊಣ್ಣಪ್ಪನ ಮಗಳು ಮುನಿರತ್ನಮ್ಮನಿಗೂ ಹೀಗೇ ಆಯಿತು. ಅವಳನ್ನು ಬಂಗಾರಪೇಟೆ ಪಕ್ಕದ ಹಳ್ಳಿಗೆ ಕೊಟ್ಟಿದ್ದರು. ಗಂಡ ರಾಮಚಂದ್ರಪ್ಪ ಕುಡುಕನಲ್ಲ, ಕೈ ಎತ್ತುವವನೂ ಅಲ್ಲ. ಬೆಳಗಿನ ರೈಲಿಗೆ ಬೆಂಗಳೂರಿನ ಕಾರ್ಖಾನೆಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಮನೆಯಲ್ಲಿ ಅತ್ತೆ ಪಾಪಕ್ಕನಿಗೂ ಸೊಸೆಗೂ ಮಾತಿಗೆ ಮಾತು ಬೆಳೆಯುತ್ತಿತ್ತು. ದಣಿದು ಬಂದವನು ಇಬ್ಬರ ದೂರನ್ನೂ ಕೇಳಿ, ಒಬ್ಬರಿಗೂ ಉತ್ತರ ಕೊಡದೆ, ಮುಸುಕೆಳೆದು ಮಲಗುತ್ತಿದ್ದ. ಬೈಗುಳವನ್ನಾದರೂ ತಡೆದುಕೊಂಡಾಳು, ಆ ಮೌನವನ್ನು ಮುನಿರತ್ನಮ್ಮ ತಡೆಯಲಾರದೆ ಹೋದಳು. ಒಂದು ದಿನ "ಇನ್ನ ನನ್ ಕೈಲಾಗಲ್ಲ, ಓಗ್ತೀನಿ" ಅಂದಳು. ಅವನೂ "ಓಗು" ಅಂದುಬಿಟ್ಟ.

ಹಿರಿಯರು ಹೊಂಗೆ ಮರದ ಕೆಳಗೆ ಕೂತು ತೀರ್ಪು ಹೇಳಿದರು. "ಗಂಡು ತಂದೆಗೆ, ಎಣ್ಣು ತಾಯಿಗೆ. ಒಬ್ಬರ ಮನೆ ಕಡೆ ಇನ್ನೊಬ್ಬರು ತಲೆ ಆಕ್ಬಾರ್ದು." ಎಂಟು ವರ್ಷದ ಮುನಿಕೃಷ್ಣ ಅಲ್ಲೇ ಉಳಿದ. ಮೂರು ವರ್ಷದ ಈಶ್ವರಿ ತಾಯಿಯ ತೊಡೆಯ ಮೇಲೆ ಕೂತು ಕ್ಯಾಸಂಬಳ್ಳಿ ಬಸ್ಸಿನಲ್ಲಿ ತಾತನ ಮನೆಗೆ ಬಂದಳು. ಮಕ್ಕಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಎರಡು ವರ್ಷ ಕಳೆಯಿತು. ಮುನಿರತ್ನಮ್ಮ ಹೊಲಿಗೆ ಕಲಿತಳು. ಊರ ಹುಡುಗರ ಶಾಲೆಯ ಅಂಗಿ ಹೊಲಿಯುವಾಗ, ತನ್ನ ಮಗನ ಭುಜ ಈಗ ಎಷ್ಟು ಅಗಲ ಆಗಿರಬಹುದು ಎಂದು ಬಟ್ಟೆಯ ಮೇಲೆ ಗೇಣು ಹಾಕಿ ನೋಡುತ್ತಿದ್ದಳು. ರಾಮಚಂದ್ರಪ್ಪ ಮಗಳನ್ನು ನೋಡಲು ಬಂದಾಗ ಸೊಣ್ಣಪ್ಪ ಅಂಗಳಕ್ಕೂ ಬಿಡಲಿಲ್ಲ. "ಮಗನ್ನ ಕಳಿಸು, ಆಮೇಲೆ ಮಗಳ ಮಖ ನೋಡು" ಅಂದ. ಒಳಗೆ ನಿಂತಿದ್ದ ಮುನಿರತ್ನಮ್ಮ ಹೊರಗೆ ಬರಲಿಲ್ಲ. ಅವನೂ ಸ್ವಲ್ಪ ಉರಿಯಲಿ ಅನ್ನಿಸಿತ್ತು ಅವಳಿಗೆ.

ಎಂಬತ್ತಾರನೇ ಇಸವಿಯ ಬೇಸಿಗೆ. ಒಂದು ಭಾನುವಾರ ಬೆಳಿಗ್ಗೆ ಊರಿಗೆ ಮ್ಯಾಟಡಾರ್ ವ್ಯಾನೊಂದು ಬಂತು. ಮುಂದೆ ಬಟ್ಟೆಯ ಬ್ಯಾನರು: "ಸಂಸಾರ ಬೇರೆಯಾದರೂ ಮಕ್ಕಳು ಇಬ್ಬರಿಗೂ ಸೇರಿದವರು. ಸಮಪಾಲನೆ ಜಾಥಾ, ಮಾರಿಕುಪ್ಪಂನಿಂದ ಬಂಗಾರಪೇಟೆಗೆ." ವ್ಯಾನಿನಿಂದ ಇಳಿದವರು ಇಬ್ಬರು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಕುಪ್ಪುಸ್ವಾಮಿ. ಆಂಡರ್ಸನ್ ಪೇಟೆಯಲ್ಲಿ ಶಿಶುವಿಹಾರ ನಡೆಸುವ ಅನಸೂಯಮ್ಮ.

ಅನಸೂಯಮ್ಮ ಮೈಕು ಹಿಡಿದು, "ನಾವಿಬ್ಬರೂ ಗಂಡ ಹೆಂಡತಿ ಆಗಿದ್ದೋರು. ಈಗ ಬೇರೆ ಬೇರೆ ಇದ್ದೀವಿ" ಅಂದಾಗ ಜಗುಲಿಯಲ್ಲಿದ್ದವರು ಕಿವಿ ನಿಮಿರಿಸಿದರು.

ಸೊಣ್ಣಪ್ಪನಿಗೆ ನಗು ತಡೆಯಲಾಗಲಿಲ್ಲ. "ಬೇರೆ ಆದೋರು ಒಂದೇ ವ್ಯಾನಲ್ಲಿ ಎಂಗಮ್ಮಾ ತಿರುಗ್ತೀರ? ನಾಚ್ಕೆ ಆಗಲ್ವಾ?"

"ಪೆರಿಯವರೇ, ಹಿರಿಯರೇ," ಅಂದ ಕುಪ್ಪುಸ್ವಾಮಿ, ಅರ್ಧ ತಮಿಳು ಬೆರೆತ ಕನ್ನಡದಲ್ಲಿ, "ನಮಗೆ ಒಬ್ಬರನ್ನೊಬ್ಬರು ಕಂಡ್ರೆ ಈಗ್ಲೂ ಆಗಲ್ಲ. ಬೆಳಿಗ್ಗೆಯಿಂದ ಎರಡು ಸಲ ಜಗಳ ಆಯ್ತು. ಆದ್ರೆ ನಮ್ಮ ಹುಡುಗಿಗೆ ಇಬ್ಬರೂ ಬೇಕಲ್ಲ? ಒಂದು ವಾರ ಅವಳಮ್ಮನ ಮನೆ, ಒಂದು ವಾರ ಗಣಿಯೋರು ಕೊಟ್ಟಿರೋ ನನ್ನ ಲೈನ್ ಮನೆ. ಹಂಗೇ ಬೆಳೀತಾ ಇದ್ದಾಳೆ."

ಜನ ನಕ್ಕರು. ಕುಪ್ಪುಸ್ವಾಮಿ ಬಾಗಿಲಲ್ಲಿ ನಿಂತಿದ್ದ ಈಶ್ವರಿಯ ಕಡೆ ಬಗ್ಗಿ, "ನಿಮ್ಮಪ್ಪ ಎಲ್ಲಿ ಕಣ್ಣಮ್ಮಾ?" ಅಂತ ಕೇಳಿದ.

"ಸತ್ತೋಗವ್ನೆ," ಅಂದಿತು ಮಗು. "ತಾತ ಏಳ್ತು."

ಮುನಿರತ್ನಮ್ಮನ ಕೈಯಲ್ಲಿ ನೀರಿನ ಚೊಂಬಿತ್ತು. ಜಾಥಾದವರಿಗೆ ಕುಡಿಯಲೆಂದು ತಂದಿದ್ದಳು. ಚೊಂಬನ್ನು ಜಗುಲಿಯ ಮೇಲಿಟ್ಟು ಅಪ್ಪನ ಕಡೆ ತಿರುಗಿದಳು. "ಇದೇನಪ್ಪಾ ಇದು?"

"ಇನ್ನೇನ್ ಏಳ್ಲಿ?" ಸೊಣ್ಣಪ್ಪ ಟವಲು ಕೊಡವಿದ. "ನೀನು ಒಲಿಗೆ ಮಿಷನ್ ಮುಂದೆ ಕುಂತಿರ್ತೀಯ. ಅದು ದಿನಾ ಅಪ್ಪ ಎಲ್ಲಿ, ಅಪ್ಪ ಎಲ್ಲಿ ಅಂತ ನನ್ನ ಪ್ರಾಣ ತಿಂತಿತ್ತು. ಒಂದೇ ಸಲ ಮುಗಿಸ್ಬಿಟ್ಟೆ."

"ಬದುಕಿರೋನ್ನ ಸಾಯಿಸಿದ್ಯಲ್ಲಪ್ಪ. ಅಲ್ಲಿ ನನ್ನ ಮಗನಿಗೆ ನನ್ನ ಬಗ್ಗೆ ಏನೇಳವ್ರೋ!"

ಆ ಮಾತು ಬಾಯಿಂದ ಬಂದ ಮೇಲೆ ಮಗನನ್ನು ನೋಡದೆ ಇರಲು ಅವಳಿಂದಾಗಲಿಲ್ಲ. ಅನಸೂಯಮ್ಮ ಅವಳನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ಗಂಡ ಹೊಡೆಯುತ್ತಿದ್ದನೇ, ಕುಡಿಯುತ್ತಿದ್ದನೇ, ಹೋದರೆ ಭಯವಿದೆಯೇ ಎಂದು ಮೊದಲು ಕೇಳಿ ತಿಳಿದುಕೊಂಡರು. ಆಮೇಲೆ, "ನಮ್ಮ ವ್ಯಾನು ಅದೇ ದಾರೀಲಿ ಹೋಗುತ್ತೆ. ಬರ್ತೀಯೇನಮ್ಮ? ಬಲವಂತ ಇಲ್ಲ" ಅಂದರು.

ಮುನಿರತ್ನಮ್ಮ ಮಗಳ ತಲೆ ಬಾಚಿ, ಸೀರೆ ಬದಲಿಸಿ ಬಂದಳು. ಸೊಣ್ಣಪ್ಪ ಅದಕ್ಕೂ ಮೊದಲೇ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದ. "ಎಣ್ಮಕ್ಕಳನ್ನ ಒಂಟಿಯಾಗಿ ಕಳಿಸಕ್ಕಾಯ್ತದಾ?" ಎಂದು ಗೊಣಗಿದ. ದಾರಿಯುದ್ದಕ್ಕೂ ಕುಪ್ಪುಸ್ವಾಮಿಯ ಜೊತೆ ವಾದ ಮಾಡುತ್ತಲೇ ಇದ್ದ. ಮಗು ಹೆತ್ತವಳದ್ದೋ ಬೀಜ ಕೊಟ್ಟವನದ್ದೋ ತೀರ್ಮಾನ ಆಗಲಿ ಅಂದ. "ಎರಡೂ ಇಲ್ಲ, ನಾವೇ ಆ ಮಗುವಿಗೆ ಸೇರಿದೋರು" ಅಂದ ಕುಪ್ಪುಸ್ವಾಮಿ. ಸೊಣ್ಣಪ್ಪನಿಗೆ ಈ ಉತ್ತರ ಹಿಡಿಸಲಿಲ್ಲ.

ರಾಬರ್ಟ್‌ಸನ್ ಪೇಟೆಯ ಮಾರ್ಕೆಟ್ಟಿನ ಹತ್ತಿರ ವ್ಯಾನು ನಿಂತಿತು. ಜನ ಸೇರಿದರು. ಅನಸೂಯಮ್ಮ ವಿಷಯ ಹೇಳಿದರು: ಗಂಡ ಹೆಂಡತಿಯ ಸಂಬಂಧ ಮುರಿಯಬಹುದು, ತಂದೆ ತಾಯಿಯ ಸಂಬಂಧ ಮುರಿಯುವುದಿಲ್ಲ. ಹಕ್ಕು ಇಬ್ಬರಿಗೂ ಸಮ ಇರಲಿ, ಹೊಣೆಯೂ ಸಮ ಇರಲಿ. ಓದಿಸುವುದು, ಉಣಿಸುವುದು, ಜ್ವರ ಬಂದಾಗ ನಿದ್ದೆಗೆಡುವುದು, ಎಲ್ಲದರಲ್ಲೂ ಇಬ್ಬರೂ ಇರಲಿ. ಇದನ್ನೇ ಸರ್ಕಾರವನ್ನೂ ಕೇಳುತ್ತಿದ್ದೇವೆ.

ಸೊಪ್ಪು ಮಾರುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತಳು. "ನನ್ ಗಂಡ ಕುಡ್ದು ಬಂದು ಮಗೂನ ಗೋಡೆಗೆ ಎಸೆದ. ಅವನಿಗೂ ಸಮ ಹಕ್ಕಾ?"

ಅನಸೂಯಮ್ಮ ಮೈಕು ಕೆಳಗಿಳಿಸಿದರು. "ಇಲ್ಲಮ್ಮ. ಮಗೂಗೆ ಅಪಾಯ ಇರೋ ಮನೆಗೆ ಕಳಿಸು ಅಂತ ನಾವು ಯಾವತ್ತೂ ಅನ್ನಲ್ಲ. ಮೊದಲು ಮಗು ಉಳೀಬೇಕು. ಅವನು ಕುಡಿತ ಬಿಟ್ಟು ನೆಟ್ಟಗಾಗಿ, ನಾಲ್ಕು ಜನರ ಎದುರಿಗೆ ಮಗೂನ ನೋಡ್ಕಂಡು ಹೋಗ್ಲಿ. ಅಲ್ಲೀವರೆಗೂ ನಿನ್ನ ಮಗು ನಿನ್ನ ಹತ್ರಾನೇ ಇರ್ಲಿ."

ಆ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ಅಳಿಯನ ಊರು ಹತ್ತಿರವಾದಾಗ ಸೊಣ್ಣಪ್ಪ ತನಗೇ ಹೇಳಿಕೊಂಡಂತೆ, "ರಾಮಚಂದ್ರಪ್ಪ ಅಂತಾವ್ನಲ್ಲ, ಅದ್ ನಿಜ" ಅಂದ.

ಗಂಡನ ಊರು ಬಂತು. ಮುನಿರತ್ನಮ್ಮ ಮಗಳ ಕೈ ಹಿಡಿದು ವ್ಯಾನಿನಿಂದ ಇಳಿದಳು. "ನಾವು ದೂರಾನೇ ಇರ್ತೀವಿ. ಇಲ್ಲಿ ಮೈಕು ಬೇಡ" ಅಂದ ಕುಪ್ಪುಸ್ವಾಮಿ.

ಬಾಗಿಲಲ್ಲಿ ಪಾಪಕ್ಕ ನಿಂತಿದ್ದಳು. "ಎರಡ್ ವರ್ಷ ಆದ್ಮೇಲೆ ಯಾವ ಮಖ ಇಟ್ಕಂಡ್ ಬಂದ್ಯೇ?"

"ನನ್ ಮಗನ್ನ ನೋಡಕ್ ಬಂದೆ ಅತ್ತೆ. ಇವಳನ್ನೂ ಕರ್ಕಂಡ್ ಬಂದಿದೀನಿ, ನಿಮ್ ಮೊಮ್ಮಗಳು."

ಪಾಪಕ್ಕನ ಕಣ್ಣು ಈಶ್ವರಿಯ ಮೇಲೆ ಬಿತ್ತು. ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಸದ್ದು ಕೇಳಿ ರಾಮಚಂದ್ರಪ್ಪ ಹಿತ್ತಲಿನಿಂದ ಬಂದ. ಅವನ ಹಿಂದೆ ಮುನಿಕೃಷ್ಣ. ಹುಡುಗ ತಾಯಿಯನ್ನು ನೋಡಿದ, ಓಡಿ ಬರಲಿಲ್ಲ. ರಾಗಿ ಹುಲ್ಲಿನ ಬಣವೆಗೆ ಬೆನ್ನು ಕೊಟ್ಟು ನಿಂತ. ಭುಜ ಅವಳು ಅಂದುಕೊಂಡದ್ದಕ್ಕಿಂತ ಅಗಲವಾಗಿತ್ತು.

"ಬಾರೋ ಮಗಾ," ಅಂದಳು.

"ಬರಲ್ಲ. ಅವಳನ್ನ ಕರ್ಕಂಡೋದೆ, ನನ್ನ ಬಿಟ್ಟೋದೆ." ಹುಡುಗ ಬಣವೆಯ ಹುಲ್ಲು ಕೀಳತೊಡಗಿದ. "ನಾನೇನ್ ತಪ್ ಮಾಡಿದ್ನಮ್ಮಾ?"

ತಾಯಿಗೆ ತಾನು ಬೇಡವಾದೆ ಎಂದು ಆ ಮಗು ಎರಡು ವರ್ಷ ಒಳಗೊಳಗೇ ಅಂದುಕೊಂಡಿತ್ತು. ಮುನಿರತ್ನಮ್ಮ ಬಾಯಿ ತೆರೆದರೆ ಅಳುವೊಂದೇ ಬಂತು. ಆಗ ಮಾತಾಡಿದವನು ರಾಮಚಂದ್ರಪ್ಪ. ಮಗನ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ:

"ನಿಮ್ಮಮ್ಮ ನಿನ್ನ ಬ್ಯಾಡ ಅನ್ಲಿಲ್ಲ ಕಣ್ಲಾ. ನಾವು ದೊಡ್ಡೋರು ಕುಂತು ನಿಮ್ಮಿಬ್ಬರನ್ನ ಭಾಗ ಮಾಡಿದ್ವಿ. ನಾನು ಸುಮ್ಕೆ ನೋಡ್ತಾ ಕುಂತಿದ್ದೆ. ನಿಂದೇನೂ ತಪ್ಪಿಲ್ಲ. ನಂದು."

ಈಶ್ವರಿ ಅವನ ಹತ್ತಿರ ಹೋಗಿ ಮೂಗು ಮುಟ್ಟಿ ನೋಡಿದಳು. "ನೀನು ಸತ್ತೋಗಿಲ್ವಾ?"

ರಾಮಚಂದ್ರಪ್ಪ ದಿಗ್ಭ್ರಮೆಯಿಂದ ತಲೆಯೆತ್ತಿದ. ಸೊಣ್ಣಪ್ಪ ಮುಂದೆ ಬಂದ. "ಅದು ನಾನೇಳಿದ್ ಸುಳ್ಳು ಅಳಿಯಂದಿರೇ. ಮಗೀನ ಬಾಯಿಂದ ಕೇಳಿದ್ ಮೇಲೆ ನಂಗೂ ಬುದ್ಧಿ ಬಂತು. ತಪ್ಪಾಯ್ತು." ಬಹಳ ದಿನದ ಮೇಲೆ ಅವನ ಬಾಯಲ್ಲಿ "ಅಳಿಯಂದಿರೇ" ಎಂಬ ಮಾತು ಬಂದಿತ್ತು.

ಮುನಿಕೃಷ್ಣ ತಾಯಿಯ ಹತ್ತಿರ ಬರಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಬಂದಾಗ ಅವಳ ಸೀರೆಯಲ್ಲಿ ಮುಖ ಹುದುಗಿಸಿ, ಬಿಡಲೇ ಇಲ್ಲ.

ಆಮೇಲೆ ಜಾಥಾದವರನ್ನೂ ಕರೆದು ಎಲ್ಲರೂ ಜಗುಲಿಯಲ್ಲಿ ಕೂತರು. "ಯಾರಿಗೆ ಎಷ್ಟು ದಿನ ಅನ್ನೋದು ಆಮೇಲೆ ನೋಡೋಣ. ಅಣ್ಣ ತಂಗಿ ಇನ್ನ ಬೇರೆ ಆಗಬಾರದು, ಇದು ಮೊದಲನೇ ಮಾತು" ಅಂದರು ಅನಸೂಯಮ್ಮ. ಎಲ್ಲರೂ ಒಪ್ಪಿದರು. ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಅಂತ ಕುಪ್ಪುಸ್ವಾಮಿ ಅಂದಾಗ ಪಾಪಕ್ಕ ಸಿಡಿದಳು. "ವಾರ ವಾರ ಒತ್ಕಂಡ್ ತಿರುಗಕ್ಕೆ ಮಕ್ಕಳೇನು ಸಂತೆ ಚೀಲವಾ? ಸ್ಕೂಲು ಎಂಗೆ? ಕ್ಯಾಸಂಬಳ್ಳಿ ಎಲ್ಲಿ, ಬಂಗಾರಪೇಟೆ ಎಲ್ಲಿ?"

"ಸರಿಯಾದ ಮಾತೇ ಕೇಳಿದ್ರಿ ಅಮ್ಮಾ," ಅಂದ ಕುಪ್ಪುಸ್ವಾಮಿ. "ಮನೆ ಹತ್ರ ಇಲ್ದಿದ್ರೆ ಕಷ್ಟ. ನಮ್ಮ ಹುಡುಗೀನೂ ಮೊದಮೊದ್ಲು ಅತ್ತಳು. ಈಗ ಎರಡು ಮನೇಲೂ ಅವಳ ಬ್ಯಾಗು ನೇತಾಕೋಕೆ ಒಂದೊಂದು ಮೊಳೆ ಇದೆ. ಎಲ್ಲಿಗೋದ್ರೂ ಅದು ಅವಳ ಮನೇನೇ."

ಮುನಿರತ್ನಮ್ಮ ಕಣ್ಣೊರೆಸಿಕೊಂಡು ತಲೆಯೆತ್ತಿದಳು. "ಬಂಗಾರಪೇಟೆ ಸ್ಟೇಷನ್ ಅತ್ರ ನಮ್ಮ ಚಿಕ್ಕಮ್ಮ ಅಮ್ಮಾಜಮ್ಮ ಅವ್ಳೆ, ಊವಿನ ವ್ಯಾಪಾರ. ಬಾ, ನನ್ ಜೊತೆಗಿರು ಅಂತ ಕರೀತಾನೇ ಅವ್ಳೆ. ಮಿಷನ್ ಅಲ್ಲಿಗೇ ತರ್ತೀನಿ. ಮಕ್ಕಳಿಬ್ರೂ ಬಂಗಾರಪೇಟೆ ಸ್ಕೂಲಿಗೇ ಓಗ್ಲಿ. ಎರಡೂ ಮನೆಯಿಂದ ನಡ್ಕಂಡೇ ಓಗ್ಬೋದು."

"ಅಂಗೇ ಆಗ್ಲಿ," ಅಂದ ರಾಮಚಂದ್ರಪ್ಪ. "ನನ್ನ ವಾರದಲ್ಲಿ ನಾನೂ ಬೇಗ ಬರೋ ಪಾಳಿ ಕೇಳ್ಕತೀನಿ. ಎಲ್ಲಾ ಅವ್ವನ ತಲೆ ಮೇಲೆ ಆಕಲ್ಲ."

ಜೂನಿನಲ್ಲಿ ಶಾಲೆ ಶುರುವಾಯಿತು. ಎಲ್ಲವೂ ಸಲೀಸಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಮ್ಮೆ ಚಪ್ಪಲಿ ಒಂದು ಮನೆಯಲ್ಲಿ, ಪುಸ್ತಕ ಇನ್ನೊಂದು ಮನೆಯಲ್ಲಿ. ಪಾಪಕ್ಕ ಮೊದಲ ತಿಂಗಳೆಲ್ಲ ಮುಖ ಊದಿಸಿಕೊಂಡೇ ಇದ್ದಳು. ಆದರೆ ಅವರ ಮನೆಯ ವಾರದಲ್ಲಿ ಈಶ್ವರಿಗೆ ಮಂಗನಬಾವು ಬಂದಾಗ, ಬಂಗಾರಪೇಟೆಗೆ ಹೇಳಿ ಕಳಿಸಿದವಳು ಅವಳೇ. ಮುನಿರತ್ನಮ್ಮ ಬಂದು ಮಗಳ ಪಕ್ಕ ಕೂತಳು. ಪಾಪಕ್ಕ ಕಾಫಿ ಕಾಸಿ ತಂದು ಮುಂದಿಟ್ಟಳು. ಮುನಿರತ್ನಮ್ಮ ಕುಡಿದಳು.

ಗಂಡ ಹೆಂಡತಿ ಮತ್ತೆ ಒಂದಾಗಲಿಲ್ಲ. ಆಗಲೇಬೇಕೆಂದು ಯಾರೂ ಬಲವಂತ ಮಾಡಲೂ ಇಲ್ಲ. ಮಕ್ಕಳಿಗೆ ಮಾತ್ರ ಅಪ್ಪನೂ ಸಿಕ್ಕಿದ, ಅಮ್ಮನೂ ಸಿಕ್ಕಿದಳು, ಒಬ್ಬರಿಗೊಬ್ಬರು ಸಿಕ್ಕರು. ಮಾರನೇ ವರ್ಷ ಮಾರಿಕುಪ್ಪಂನಿಂದ ಜಾಥಾ ಹೊರಟಾಗ, ಯಾರೂ ಕರೆಯದೆ ಸೊಣ್ಣಪ್ಪ ಬಂದು ಮೈಕು ಕೇಳಿದನಂತೆ.

ಇದನ್ನು ಕೇಳುತ್ತಿರುವ ಅಕ್ಕ, ಅಣ್ಣ, ಅಜ್ಜಿ, ತಾತ, ನಿಮ್ಮ ಬೀದಿಯಲ್ಲೂ ಇಂಥ ಒಂದು ಮನೆ ಇದ್ದೀತು. ಅಲ್ಲಿಯ ಮಗು ಬಾಯಿಬಿಟ್ಟು ಕೇಳುವ ತನಕ ಕಾಯಬೇಡಿ. ಅದಕ್ಕೆ ಅಪಾಯವಿದ್ದರೆ ಮೊದಲು ಅದನ್ನು ಕಾಪಾಡಿ. ಇಲ್ಲದಿದ್ದರೆ ಎರಡೂ ಕಡೆಯ ದೊಡ್ಡವರನ್ನು ಒಂದು ಜಗುಲಿಯಲ್ಲಿ ಕೂರಿಸಿ, ಮಗುವಿಗೆ ಇಬ್ಬರ ಮನೆಯ ಬಾಗಿಲೂ ತೆರೆಸಿ. ಅಕ್ಕಪಕ್ಕದವರಾದ ನೀವು ಹೇಳಿದರೆ ಅವರು ಕೇಳುತ್ತಾರೆ. ಈ ಭಾನುವಾರವೇ ಹೋಗಿ ಬನ್ನಿ.