ಗದ್ವಾಲದ ಸ್ವಿಚ್ಚಿನ ತಬಾದ್ಲಾ

ತೆಲಂಗಾಣ ಬಂದ ಐದನೇ ವರ್ಷ, ನಾರಾಯಣಪೇಟ ಜಿಲ್ಲಾ ಆತು. ಜಿಲ್ಲಾ ಆದ್ರ ಏನಾಗತೈತಿ ಅಂತೀರಿ? ಬೋರ್ಡು ಬದಲಾಗತೈತಿ, ಸೀಲು ಬದಲಾಗತೈತಿ, ಕುರ್ಚಿ ಮ್ಯಾಲಿನ ಮನಷ್ಯಾ ಬದಲಾಗತಾನ. ಅದನ್ನ ನೋಡಿ ನಮ್ಮ ಕೈಮಗ್ಗದ ಸೀರಿ ಮಹಾಮಂಡಳಿಗೂ ಹುಕಿ ಬಂತು. ಅದೇನು ಸರ್ಕಾರಿ ದಫ್ತರ ಅಲ್ಲ, ಆದ್ರ ಸರ್ಕಾರಕ್ಕಿಂತ ಕಾಯ್ದೆ ಜಾಸ್ತಿ. ಗದ್ವಾಲ ಶಾಖೆ ಅರ್ಧ ಖಾಲಿ ಮಾಡಿ, ಜನ, ಬೀರು, ಟೇಬಲ್ಲು ಎಲ್ಲಾ ಒಂದೇ ಪಟ್ಟಿಯೊಳಗ ತುರುಕಿ ನಾರಾಯಣಪೇಟಕ್ಕ ತಬಾದ್ಲಾ, ಅಂದ್ರ ವರ್ಗಾ, ಮಾಡಿದ್ರು. ಪಟ್ಟಿ ಬರದಾಂವ ಯಾವ ಪುಣ್ಯಾತ್ಮನೋ, ಹದಿನಾಲ್ಕನೇ ಸಾಲಿನ್ಯಾಗ ಬರದಿದ್ದ: ಹೆಸರು, ಸ್ವಿಚ್ಚು. ಹುದ್ದೆ, ನೆಟ್‌ವರ್ಕ್ ಸಹಾಯಕ.

ನಾರಾಯಣಪೇಟ ದಫ್ತರದ ಶಿವಗಂಗಾ ಆ ಸಾಲನ್ನ ಎರಡೆರಡು ಸಲ ಓದಿದ್ಲು. ಮಂಡಳಿಯೊಳಗ ಆ ಹುದ್ದೆ ಇದ್ದದ್ದೇ ಒಂದು, ಅದೂ ಆರು ವರ್ಷದಿಂದ ಖಾಲಿ. ಆ ಆರೂ ವರ್ಷ ಕಂತ್ರಾಟಿನ ಮ್ಯಾಲ ಆ ಕೆಲಸ ಮಾಡಿದಾಕಿ ಆಕಿನ. ಇವತ್ತಲ್ಲ ನಾಳೆ ಕಾಯಂ ಮಾಡತಾರ ಅಂತ ಹನ್ನೆರಡು ಅರ್ಜಿ ಕೊಟ್ಟಿದ್ಲು, ಒಂದಕ್ಕೂ ಜವಾಬಿಲ್ಲ.

ಸೀದಾ ಸೂಪರಿಂಟೆಂಡೆಂಟ್ ಸುಧೀಂದ್ರರ ಮುಂದ ಹೋಗಿ ನಿಂತ್ಲು. "ಸರ, ಇದು ಕಂಪ್ಯೂಟರಿನ ವೈರು ಚುಚ್ಚೂ ಡಬ್ಬಿರೀ. ಮನಷ್ಯಾ ಅಲ್ಲ!"

ಸುಧೀಂದ್ರರು ಅಂಗಾರ ಅಕ್ಷತಿ ಇಟ್ಟ ಹಣಿ ತಿಕ್ಕೊಂಡ್ರು. "ಪಟ್ಟಿಯೊಳಗ ಹೆಸರೈತಿ. ಕೆಳಗ ಸಹಿ ಐತಿ. ಸಹಿ ಆದ ಮ್ಯಾಲ ಅದನ್ನ ಮನಷ್ಯಾ ಅಲ್ಲ ಅನ್ನಾಕ ನಾ ಯಾರವ್ವಾ?"

ಸ್ವಿಚ್ಚನ್ನ ತರಾಕ ಜವಾನ ಎಲ್ಲಪ್ಪ ಹೋಗಿದ್ದ. ಟವೆಲ್ಲಿನ್ಯಾಗ ಸುತ್ತಿ, ತೊಡಿ ಮ್ಯಾಲ ಕುಂದ್ರಿಸಿಕೊಂಡು ಬಸ್ಸು ಹತ್ತಿದ. ಮಕ್ತಲ್‌ನ್ಯಾಗ ಬಸ್ಸು ಬದಲಿ ಮಾಡಬೇಕು, ಅಲ್ಲೇ ಅವನ ಬೀಗರ ಮನಿ. ಎರಡು ದಿನ ಉಂಡು ಮಲಗಿ ಬಂದ. ಸುಧೀಂದ್ರರು ಎಲ್ಲಪ್ಪಗ ಏನೂ ಅನ್ನಲಿಲ್ಲ. ಸ್ವಿಚ್ಚು ಎರಡು ದಿನ ತಡಾಗಿ ಹಾಜರಾತಂತ ಅದರ ಹೆಸರಿಲೆ ರಜಾ ಚೀಟಿ ಬರಸಿದ್ರು, ಎಲ್ಲಪ್ಪ ಅದರ ಪರವಾಗಿ ಹೆಬ್ಬೆಟ್ಟು ಒತ್ತಿದ.

ಇಷ್ಟೆಲ್ಲಾ ಆದದ್ದು ಹೋಗಲಿ. ಖರೆ ಗದ್ದಲ ಸುರುವಾದದ್ದು ಜೋಡಿಸೂ ಹೊತ್ತಿಗೆ. ದಫ್ತರದಾಗ ಮೊದಲೇ ಎರಡು ಸ್ವಿಚ್ಚು ಒಂದರ ಮ್ಯಾಲ ಒಂದು ಕುಂತಿದ್ವು. ಹಿಂದಿನಿಂದ ದಪ್ಪ ಕೇಬಲ್ಲು ಹಾಕಿ ಬಿಗದ್ರ ಎರಡೂ ಸೇರಿ ಒಂದೇ ಆಗಿ ದುಡೀತಾವ, ಅದರಾಗ ಒಂದು ಯಜಮಾನ. ಹೊಸಾದು ಮೂರನೇದು. ಶಿವಗಂಗಾ ಅಡ್ಡ ಬಂದ್ಲು.

"ಸರ, ಇದನ್ನ ಕರೆಂಟ್ ತಗದು ಮಲಗಿಸಿ ಜೋಡಿಸಬೇಕ್ರೀ. ಆಮ್ಯಾಲ ಎಬ್ಬಿಸಿದ್ರ ಕಿರಿಯರ ಗತೆ ಸುಮ್ಮನ ಸೇರಿಕೊಂತೈತಿ. ಎದ್ದಿದ್ದಾಗ ಜೋಡಿಸಿದ್ರ ನಾನೇ ಯಜಮಾನ ಅಂತೈತಿ. ಗದ್ವಾಲದಾಗ ಇದಕ್ಕ ಎಲ್ಲಾಕ್ಕಿಂತ ಮ್ಯಾಲಿನ ದರ್ಜೆ ಕೊಟ್ಟಾರ. ನಮ್ಮವೆರಡೂ ಸೋತು, ಯಾವ ಕಂಪ್ಯೂಟರಿಗೆ ಯಾವ ದಾರಿ ಅನ್ನೂ ತಮ್ಮ ಪಾಠ ಎಲ್ಲಾ ಮರತು, ಗದ್ವಾಲದ ಪಾಠ ಒಪ್ಪಸಾಕ ಸುರು ಮಾಡತಾವ."

"ಮಲಗಿದಾಂವನ್ನ ಡ್ಯೂಟಿಗೆ ಹೆಂಗವ್ವಾ ಹಾಜರು ಮಾಡಿಕೊಳ್ಳಲಿ?" ಅಂದ್ರು ಸುಧೀಂದ್ರರು. "ನಾಳೆ ಆಡಿಟ್‌ನವ್ರು ಬಂದು, ಸತ್ತಾಂವನ್ನ ಸೇರಿಸಿಕೊಂಡೀರಿ ಅಂದ್ರ ನನ್ನ ಪಿಂಚಣಿ ಗತಿ ಏನು? ದೀಪ ಉರೀತಿರಬೇಕು. ಎಲ್ಲಪ್ಪಾ, ನೀ ಚುಚ್ಚು!"

ಎಲ್ಲಪ್ಪ ಗುರುರಾಯರನ್ನ ನೆನದು ಚುಚ್ಚಿದ. ಹಳೇ ಸ್ವಿಚ್ಚುಗಳ ದೀಪ ಒಮ್ಮೆ ಸತ್ತು ಮತ್ತ ಹತ್ತಿದ್ವು. ಆಮ್ಯಾಲ ಮೂವತ್ತು ಕಂಪ್ಯೂಟರಿನ್ಯಾಗ ಒಂದೂ ಉಸಿರಾಡಲಿಲ್ಲ. ನೂಲಿನ ಚೀಟಿಗೆ ನಿಂತ ನೇಕಾರರು ಕನ್ನಡದಾಗ ಒಂದು ಸುತ್ತು, ತೆಲುಗಿನ್ಯಾಗ ಒಂದು ಸುತ್ತು ಬೈದ್ರು.

ಸುಧೀಂದ್ರರು ಸ್ವಿಚ್ಚಿಗೆ ಮೆಮೋ ಕೊಟ್ರು, ಅಂದ್ರ ಅದರ ನೆತ್ತಿ ಮ್ಯಾಲ ಹಾಳಿ ಇಟ್ರು. ಒಂದು ದಿನ ಕಾದ್ರು. ಅದೇನು ಉತ್ತರ ಕೊಡತೈತಿ, ಮಣ್ಣು! "ಎಷ್ಟು ಸೊಕ್ಕು ನೋಡು," ಅಂತ ಅಮಾನತ್ ಮಾಡಿದ್ರು.

ಶಿವಗಂಗಾಗ ಆಸೆ ಚಿಗುರಿತು. "ಹಂಗಾದ್ರ ಹುದ್ದೆ ಖಾಲಿ ಆತೇನ್ರೀ?"

"ಹೆಂಗಾಗತೈತಿ? ಅಮಾನತ್ತಿನಾಗೂ ಹುದ್ದೆ ಅವರ ಹೆಸರಿಲೇ ಇರತೈತಿ. ವಿಚಾರಣೆ ಮುಗಿಯೂತನಕ ಕಂತ್ರಾಟಿನವ್ರು ಅವರನ್ನ ಮುಟ್ಟಾಂಗೂ ಇಲ್ಲ."

ಮೂರನೇ ದಿನ ಮುಖ್ಯ ದಫ್ತರದಿಂದ ಫೋನ್ ಬಂತು. ಸಂಜಿ ಐದರೊಳಗ ತಪ್ಪಿತಸ್ಥರ ಹೆಸರು ಬೇಕು, ಅದೂ ಮಾತಾಡೂ ಬಾಯಿ ಇದ್ದವರದು. ಸುಧೀಂದ್ರರು ಶಿವಗಂಗಾನ ಕಡೆ ನೋಡಿದ್ರು, ರಿಜಿಸ್ಟರ್ ಕಡೆ ನೋಡಿದ್ರು, ಮಾರಿ ಸಣ್ಣ ಮಾಡಿದ್ರು. "ನಿನ್ನ ಹೆಸರು ಬರೀಬಹುದಿತ್ತವ್ವಾ. ಆದ್ರ ಮೆಮೋಕ್ಕ ನೌಕರಿ ನಂಬರು ಬೇಕು. ನಿನಗ ನಂಬರೇ ಇಲ್ಲಲ್ಲ."

ಶಿವಗಂಗಾ ಒಂದು ಹೆಜ್ಜಿ ಮುಂದ ಬಂದ್ಲು. ಅದೇನು ಧೈರ್ಯ ಬಂತೋ, ಟೇಬಲ್ ಮ್ಯಾಲ ಕೈ ಊರಿದ್ಲು.

"ತಪ್ಪು ನಂದೇ ಸರ."

"ಏನಂದಿ?"

"ಪೂರಾ ಜಿಮ್ಮೇದಾರಿ ನಂದು. ಇದೊಂದೇ ಅಲ್ಲ, ಹೋದ ವರ್ಷ ಪ್ರಿಂಟರ್ ಕೆಡಿಸಿದಾಕಿನೂ ನಾನೇ. ಬೋರಿನ ಮೋಟಾರು ಸುಟ್ಟದ್ದೂ ನನ್ನಿಂದನ."

ಸುಧೀಂದ್ರರ ಕಣ್ಣು ಹೊಳದ್ವು. "ಹೌದಲ್ಲಾ! ಇಷ್ಟು ದೊಡ್ಡ ತಪ್ಪು ಕಂತ್ರಾಟಿನವ್ರ ಕೈಲಿ ಆಗೂ ಮಾತಲ್ಲ. ಇದು ಕಾಯಂ ನೌಕರರದೇ ಕೆಲಸ. ನಿನ್ನ ಮೊದಲನೇ ತಪ್ಪು ಯಾವಾಗ?"

"ಸೇರಿದ ದಿನಾನ ಸರ. ಆರು ವರ್ಷದ ಹಿಂದ."

"ಅಂದ್ರ ಸೇವೆ ಅವತ್ತಿನಿಂದ ಹಿಡೀಬೇಕು," ಅಂತ ಅವರು ಲಗುಬಗೆಯಿಂದ ಬರಕೊಂಡ್ರು.

ಹನ್ನೆರಡು ಅರ್ಜಿಗೆ ಕಣ್ಣು ತೆರೀದ ಮುಖ್ಯ ದಫ್ತರ, ತಪ್ಪಿತಸ್ಥರು ಸಿಕ್ಕಾರ, ಒಂದು ಹುದ್ದೆ ಹುಟ್ಟಿಸಬೇಕು ಅಂದಕೂಡ್ಲೇ ಅರ್ಧ ತಾಸಿನ್ಯಾಗ ಮಂಜೂರಿ ಕೊಟ್ಟಿತು. ನಾಲ್ಕಕ್ಕ ನಂಬರು ಬಂತು. ನಂಬರು ಬಂದದ್ದೇ ತಡ, ಶಿವಗಂಗಾ ಗದ್ವಾಲದ ಸ್ವಿಚ್ಚಿನ ಕರೆಂಟ್ ಕಿತ್ತು, ಹಳೇವಕ್ಕ ತಾ ಮೊದಲೇ ಪೆನ್‌ಡ್ರೈವಿನ್ಯಾಗ ತಗದಿಟ್ಟಿದ್ದ ಹಳೇ ಪಾಠ ತುಂಬಿ, ಇದರ ದರ್ಜೆ ಇಳಿಸಿ, ಮಲಗಿಸಿ ಜೋಡಿಸಿ ಎಬ್ಬಿಸಿದ್ಲು. ಮೂವತ್ತೂ ಕಂಪ್ಯೂಟರ್ ಎದ್ದು ಕುಂತ್ವು. ನೇಕಾರರು ಚೀಟಿ ತಗೊಂಡು ಮನೀಗೆ ಹೋದ್ರು.

ಐದಕ್ಕ ಸುಧೀಂದ್ರರು ಮೆಮೋ ಕೈಗಿಟ್ರು. ಶಿವಗಂಗಾ ನಿಂತಲ್ಲೇ ಓದಿದ್ಲು: ಕಾಯಂ ನೌಕರರಾದ ಶಿವಗಂಗಾ ಅವರೇ, ತಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಉತ್ತರಿಸತಕ್ಕದ್ದು.

ಆಕಿ ಕಣ್ಣಾಗ ನೀರು ದಳದಳ ಇಳೀತು. ಸುಧೀಂದ್ರರಿಗೆ ಗಾಬರಿ ಆತು. "ಅಳಬ್ಯಾಡವ್ವಾ! ಇದು ಸುಮ್ಮನ ಕೇಳೂದು. ಯಾರಾದ್ರೂ ತಗದುಹಾಕತಾರೇನು?"

"ಅದಕ್ಕ ಅಳತೀನಿ ಸರ," ಅಂದ್ಲು ಶಿವಗಂಗಾ. "ಆರು ವರ್ಷದಾಗ, ನನ್ನ ತಗಿಯೂಕಿಂತ ಮೊದಲ ನನ್ನೊಂದು ಮಾತು ಕೇಳಬೇಕಂತ ಯಾರಿಗೂ ಅನಿಸಿರಲಿಲ್ಲ."