ಡೈರೆಕ್ಟರ್ ಹೇಳಿದ ಒಡಪು

ನಮ್ಮ ಚಿಕ್ಕೇರೂರಿನ ರೈತರ ಕಂಪನಿ ಬೋರ್ಡಿನ್ಯಾಗ ಹೆಣ್ಣೊಬ್ಬಾಕಿ ಇರಲಿಕ್ಕ ಬೇಕಂತ ರೂಲು ಬಂದಾಗ, ನಾಲ್ಕು ಮಂದಿ ಗಂಡಸರು ಕೂಡಿ ಮಹಾದೇವಕ್ಕನ ಹೆಸರು ಬರದರು. ಅಂದ್ರ ನನ್ನ ಹೆಸರು. ನನ್ನ ಕೇಳಲಿಲ್ಲ, ನಮ್ಮನಿಯವರನ್ನ ಕೇಳಿದರು. ಅವರೂ ಡೈರೆಕ್ಟರ. "ಹಾಕ್ರಿ, ಹೆಬ್ಬಟ್ಟು ಒತ್ತಿ ಸುಮ್ಮ ಕುಂತಿರ್ತಾಳ" ಅಂದರಂತ. ಹೆಬ್ಬಟ್ಟಂತ ಹೆಬ್ಬಟ್ಟು! ಏಳನೇ ಇಯತ್ತೆ ಪಾಸಾದಾಕಿ ನಾ. ಅವರು ಆರನೇದ್ದರಾಗ ಎರಡು ಸಲ ಕುಂತವರು.

ಈ ವರ್ಷ ಅಧ್ಯಕ್ಷರ ಆಯ್ಕಿ ಬಂತು. ಒಂದ ಕಡೆ ನಮ್ಮನಿಯವರು, ಅವರ ದೋಸ್ತ ಫಕ್ಕೀರೇಶ. ಇನ್ನೊಂದ ಕಡೆ ಉಳಿವೆಪ್ಪ, ಅವನ ಬೆನ್ನಿಗೆ ಹಸನಸಾಬ. ಐದನೇ ಓಟು ನಂದು. ಸರ್ಕಾರದಿಂದ ಕಂಪನಿಗೆ ಅನುದಾನ ಬಂದಿತ್ತು. ಯಾರ ಅಧ್ಯಕ್ಷ ಆದರೂ ಅದರಾಗ ಬೊಲೆರೋ ತರಾವರ, ಹಾವೇರಿಗೆ ಝೋಕಿಲೇ ಅಡ್ಡಾಡಾಕ.

ನನಗ ಬೇಕಾಗಿದ್ದು ಸಿಮೆಂಟಿನ ಕಣ. ಕಣ ಇಲ್ಲಂತ ನಾವು ಹೆಂಗಸರು ಗೋವಿನಜೋಳ ಡಾಂಬರ ರಸ್ತೆ ಮ್ಯಾಲ ಹರವತೇವಿ. ಹೋದ ಸುಗ್ಗ್ಯಾಗ ಹಂಗ ಹರವಾಕತ್ತಾಗ ಟೆಂಪೊ ಬಡದು ನಮ್ಮ ಓಣಿ ಕರೆವ್ವನ ಕಾಲು ಮುರೀತು. ಇನ್ನೂ ಕೋಲು ಹಿಡದ ಅಡ್ಡಾಡತಾಳ.

ಮೀಟಿಂಗಿನ್ಯಾಗ ಕಂಪನಿ ಬರವಣಿಗಿ ನೋಡಕೊಳ್ಳೊ ಸಮತಾ ರಜಿಸ್ಟರ್ ತಗದಳು. "ಐದೂ ಮಂದಿ ಡೈರೆಕ್ಟರೊಳಗ ನಿಮ್ಮ ಓಟು ಯಾರಿಗೆ, ಬಾಯಿಬಿಟ್ಟ ಹೆಸರು ಹೇಳ್ರಿ. ಹೇಳಿದ್ದನ್ನ ಬರಕೋತೇನಿ." ಮೊದಲ ಪಾಳಿ ನಂದ. ನಮ್ಮನಿಯವರು ಆಗಲೇ ಮೀಸಿ ತಿರುವಾಕತ್ತಿದ್ದರು.

"ಗಂಡನ ಹೆಸರು ಹೆಂಗ ಹೇಳ್ಲಿ ಯವ್ವಾ? ಅವರ ಆಯುಷ್ಯ ಕಡಿಮಿ ಆಗತೈತಿ" ಅಂದೆ.

"ಹೆಸರಿಲ್ಲದ ಬರಿಯಾಕ ಬರೂದಿಲ್ಲರಿ ಅಕ್ಕಾರ."

ನಮ್ಮನಿಯವರ ಮಾರಿ ಬೆವತಿತು. "ಮದುವ್ಯಾಗ ಒಡಪು ಹಾಕಿ ಹೇಳಿದ್ದಿಲ್ಲೇನ? ಹಂಗ ಪ್ರಾಸ ಕೂಡಿಸಿ ಹೇಳಿಬಿಡು, ನಡೀತೈತಿ!"

ಆತು ಬಿಡ್ರಿ, ಅವರ ಹೇಳಿದಮ್ಯಾಲ ಮುಗೀತು. ಎದ್ದ ನಿಂತು ಸೆರಗು ಸರಿಮಾಡಿಕೊಂಡು ಒಡಪು ಹಾಕಿದೆ:

"ಡಾಂಬರ ರಸ್ತೆ ಸಾಕವ್ವ, ಜೋಳಕ್ಕ ಬೇಕು ಕಣ,
ಮಹಾದೇವಕ್ಕನ ಹೆಸರ ಹೇಳತೇನಿ, ಬರಕೊಳ್ರಿ ಈ ಕ್ಷಣ!"

"ಏ, ಯಾರ ಹೆಸರಂದಿ?" ಅಂತ ನಮ್ಮನಿಯವರು ಚೀರಿದರು.

"ನಂದ. ನನ್ನ ಹೆಸರ ನಾ ಹೇಳಬಾರದಂತ ಯಾ ಶಾಸ್ತ್ರದಾಗೂ ಇಲ್ಲ."

ಉಳಿವೆಪ್ಪ ಬೆರಳ ಮಡಿಚಿ ಲೆಕ್ಕಾ ಹಾಕಿದ. ನನ್ನ ಓಟು ಹೋದಮ್ಯಾಲ ತಾನೂ ಗೆಲ್ಲೂದಿಲ್ಲ. "ಇಂವಾ ಆಗೂದಕ್ಕಿಂತ ಆಕಿ ಆಗಲಿ ಬಿಡು" ಅಂದು ತನ್ನ ಓಟೂ ಹಸನಸಾಬನ ಓಟೂ ನನಗ ಹಾಕಿಸಿದ. ನನ್ನ ಮ್ಯಾಲಿನ ಪ್ರೀತಿಗಲ್ಲ, ನಮ್ಮನಿಯವರ ಮ್ಯಾಲಿನ ಹೊಟ್ಟಿಕಿಚ್ಚಿಗೆ. ಇಬ್ಬರ ಜಗಳ ಮೂರನೇಯಾಕಿಗೆ ಲಾಭ. ಮೂರು ಓಟು ನನಗ, ಎರಡು ಅವರಿಗೆ.

"ಮೊದಲನೇ ಠರಾವು ಕಣದ್ದು" ಅಂದೆ. ನಮ್ಮನಿಯವರು ಎದ್ದ ಹೋಗತಾರ, ಮನ್ಯಾಗ ತಿಂಗಳಾನಗಟ್ಲೆ ಮಾತು ಬಿಡತಾರ ಅಂತ ಅಂಜಿಕಿ ಇತ್ತು, ಸುಳ್ಳ ಯಾಕ ಹೇಳ್ಲಿ. ಅವರು ಏಳಲಿಲ್ಲ. ಠರಾವಿಗೆ ಕೈ ಎತ್ತಿದರು.

ಮೂವತ್ತೊಂದು ವರ್ಷ ನನ್ನ "ಏ, ಕೇಳಿಲ್ಲಿ" ಅಂತ ಕರದ ಬಾಯಿ ಅದು. ಎರಡು ಸಲ ಕೆಮ್ಮಿ ಕೇಳಿತು:

"ಅಧ್ಯಕ್ಷರ, ಕಣ ಎಲ್ಲಿ ಮಾಡೂನ್ರಿ?"